ಗುರುಮಠದ ಭಾಷಾಭ್ಯಾಸದಲ್ಲಿ ಹೀಬ್ರೂವಿನ ಸ್ಥಾನ

ಗುರುಮಠದ ವೇಳಾಪಟ್ಟಿಯನ್ನು ರೂಪಿಸುವವರಿಗೆ ಪ್ರತಿ ವರ್ಷವೂ ಒಂದು ಪ್ರಶ್ನೆ ಎದುರಾಗುತ್ತದೆ. ಭಾಷೆಗಳಿಗೆ ಮೀಸಲಾದ ಕೆಲವೇ ಗಂಟೆಗಳನ್ನು ಯಾವ ಭಾಷೆಗೆ ಎಷ್ಟೆಷ್ಟು ಹಂಚಬೇಕು? ಇಂಗ್ಲಿಷ್ ಬೇಕೇ ಬೇಕು. ದೈವಶಾಸ್ತ್ರದ ಗ್ರಂಥಗಳಲ್ಲಿ ಬಹುಪಾಲು ನಮ್ಮ ಕೈಗೆ ಸಿಗುವುದು ಆ ಭಾಷೆಯಲ್ಲಿ. ಕನ್ನಡ ಬೇಕು; ನಾಳೆ ಧರ್ಮಕೇಂದ್ರಗಳಲ್ಲಿ ಜನರೊಂದಿಗೆ ಮಾತನಾಡಬೇಕಾದದ್ದು ಅದರಲ್ಲಿಯೇ. ಲ್ಯಾಟಿನ್ ಧರ್ಮಸಭೆಯ ಕಾನೂನು ಮತ್ತು ಆರಾಧನಾ ವಿಧಿಗಳ ಮೂಲಭಾಷೆ. ಗ್ರೀಕ್ ಹೊಸ ಒಡಂಬಡಿಕೆಯ ಭಾಷೆ. ಸಂಸ್ಕೃತ ನಮ್ಮ ನಾಡಿನ ಧಾರ್ಮಿಕ ಚಿಂತನೆಯ ಕೀಲಿಕೈ. ಹೀಗೆ ಹಂಚುತ್ತಾ ಹೋದಾಗ ಕೊನೆಗೆ ಉಳಿಯುವುದು ಹೀಬ್ರೂ. ಅದಕ್ಕೆ ಸಿಗುವುದು ಐಚ್ಛಿಕ ವಿಷಯದ ಸ್ಥಾನ, ಅದೂ ಹಲವೆಡೆ ಎಲ್ಲರೂ ದಣಿದಿರುವ ಇಳಿಹೊತ್ತಿನಲ್ಲಿ. ಈ ಕ್ರಮವನ್ನು ತಿರುಗಿಸಬೇಕೆಂಬುದು ನಮ್ಮ ಅಭಿಪ್ರಾಯ. ಕನ್ನಡ ಬಲ್ಲ ಗುರು ಅಭ್ಯರ್ಥಿಗೆ ಬೈಬಲ್ಲಿನ ಮೂಲಭಾಷೆಗಳಲ್ಲಿ ಒಂದನ್ನು ಮಾತ್ರ ಚೆನ್ನಾಗಿ ಕಲಿಯಲು ಸಮಯವಿದ್ದರೆ ಅದು ಹೀಬ್ರೂ ಆಗಿರಲಿ. ಎರಡಕ್ಕೂ ಸಮಯವಿದ್ದರೆ ಹೀಬ್ರೂ ಮೊದಲು ಬರಲಿ. ಏಕೆ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಧರ್ಮಸಭೆಯ ಅಧಿಕೃತ ಮಾತು ಈ ವಿಷಯದಲ್ಲಿ ಸ್ವಲ್ಪ ಮೃದುವಾಗಿಯೇ ಇದೆ. 1983ರ ಕಾನೂನು ಸಂಹಿತೆಯ 249ನೆಯ ನಿಯಮವು ಗುರು ಅಭ್ಯರ್ಥಿಗಳು ತಾಯ್ನುಡಿಯನ್ನು ಶ್ರದ್ಧೆಯಿಂದ ಕಲಿಯಬೇಕು, ಲ್ಯಾಟಿನನ್ನು ಚೆನ್ನಾಗಿ ತಿಳಿದಿರಬೇಕು, ಸೇವೆಗೆ ಉಪಯುಕ್ತವಾದ ಇತರ ಭಾಷೆಗಳ ಪರಿಚಯವನ್ನೂ ಹೊಂದಿರಬೇಕು ಎನ್ನುತ್ತದೆ; ಹೀಬ್ರೂವಿನ ಹೆಸರು ಅಲ್ಲಿಲ್ಲ. ಗುರುಶಿಕ್ಷಣವನ್ನು ಕುರಿತು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ಆಜ್ಞಾಪತ್ರದ 13ನೆಯ ಪರಿಚ್ಛೇದವು ಪವಿತ್ರ ಗ್ರಂಥದ ಭಾಷೆಗಳ ಜ್ಞಾನವನ್ನು ಬಹುವಾಗಿ ಪ್ರೋತ್ಸಾಹಿಸಬೇಕೆಂದು ಹೇಳುತ್ತದೆ. ಪ್ರೋತ್ಸಾಹಕ್ಕೂ ಕಡ್ಡಾಯಕ್ಕೂ ನಡುವೆ ಇರುವ ಈ ಅಂತರದಲ್ಲಿಯೇ ಹೀಬ್ರೂ ಜಾರಿ ಹೋಗುತ್ತದೆ.

ಆದರೂ ಪರಂಪರೆ ಮೌನವಾಗಿಲ್ಲ. 1311-12ರ ವಿಯೆನ್ ಮಹಾಸಭೆಯು ಪ್ಯಾರಿಸ್, ಆಕ್ಸ್‌ಫರ್ಡ್, ಬೊಲೋನ್ಯಾ, ಸಾಲಮಾಂಕಾ ವಿಶ್ವವಿದ್ಯಾಲಯಗಳಲ್ಲಿ ಹೀಬ್ರೂ ಮೊದಲಾದ ಪೌರ್ವಾತ್ಯ ಭಾಷೆಗಳಿಗೆ ಅಧ್ಯಾಪಕರನ್ನು ನೇಮಿಸಬೇಕೆಂದು ಆಜ್ಞಾಪಿಸಿತು. ಆಜ್ಞೆ ಹೊರಟಷ್ಟು ಬೇಗ ಅಧ್ಯಾಪಕರು ಸಿಗಲಿಲ್ಲವೆಂಬುದು ಬೇರೆ ಮಾತು. 1517ರಲ್ಲಿ ಲೂವೆನ್‌ನಲ್ಲಿ ಸ್ಥಾಪಿತವಾದ ತ್ರಿಭಾಷಾ ವಿದ್ಯಾಲಯವು ಲ್ಯಾಟಿನ್, ಗ್ರೀಕ್, ಹೀಬ್ರೂ ಮೂರನ್ನೂ ಸಮಾನ ಪೀಠಗಳಲ್ಲಿ ಕೂರಿಸಿತು. ಹನ್ನೆರಡನೆಯ ಪಿಯೂಸ್ ಜಗದ್ಗುರುಗಳು ಬೈಬಲ್ ಅಧ್ಯಯನವನ್ನು ಕುರಿತ ತಮ್ಮ ವಿಶ್ವಪರಿಪತ್ರದಲ್ಲಿ ಮೂಲಭಾಷೆಗಳ ಪಠ್ಯಕ್ಕೆ ಮರಳಬೇಕೆಂದು ಒತ್ತಾಯಿಸಿದರು. ಅದು ಹೊರಬಂದದ್ದು 1943ರ ಸೆಪ್ಟೆಂಬರ್ 30ರಂದು, ಅಂದರೆ ಸಂತ ಜೆರೋಮರ ಸ್ಮರಣೆಯ ದಿನ. ದಿನದ ಆಯ್ಕೆ ಸುಮ್ಮನೆ ಆದುದಲ್ಲ. ಸಿರಿಯಾದ ಮರುಭೂಮಿಯಲ್ಲಿ ಯೆಹೂದ್ಯ ಮೂಲದ ಒಬ್ಬ ಸನ್ಯಾಸಿಯ ಬಳಿ ಹೀಬ್ರೂ ಅಕ್ಷರ ತಿದ್ದಿದ ಜೆರೋಮರು ಆ ಭಾಷೆಯ ಕರ್ಕಶ ಧ್ವನಿಗಳ ಬಗ್ಗೆ ಗೊಣಗಿದ್ದಾರೆ, ಬಿಟ್ಟುಬಿಡಬೇಕೆಂದುಕೊಂಡದ್ದನ್ನೂ ಬರೆದಿದ್ದಾರೆ, ಆದರೆ ಬಿಡಲಿಲ್ಲ. ಮುಂದೆ ಬೆತ್ಲೆಹೇಮಿನಲ್ಲಿ ನೆಲೆಸಿ, ಗ್ರೀಕ್ ಅನುವಾದದ ಅನುವಾದದಿಂದ ತೃಪ್ತರಾಗದೆ, ಹಳೆಯ ಒಡಂಬಡಿಕೆಯ ಬಹುಭಾಗವನ್ನು ಹೀಬ್ರೂವಿನಿಂದಲೇ ಲ್ಯಾಟಿನ್‌ಗೆ ತಂದರು. ಲ್ಯಾಟಿನ್ನನ್ನು ಧರ್ಮಸಭೆಯ ಭಾಷೆಯೆಂದು ಎತ್ತಿಹಿಡಿಯುವವರು ಆ ಲ್ಯಾಟಿನ್ ಬೈಬಲ್ಲಿನ ಹಿಂದೆ ಒಬ್ಬ ಹೀಬ್ರೂ ವಿದ್ಯಾರ್ಥಿ ಇದ್ದನೆಂಬುದನ್ನು ನೆನೆಯುವುದು ಒಳ್ಳೆಯದು.

ಕನ್ನಡದ ಬಾಗಿಲು

ಹೀಬ್ರೂ ಕಷ್ಟ, ಗ್ರೀಕ್ ಸುಲಭ ಎಂಬ ನಂಬಿಕೆ ಯುರೋಪಿನ ಗುರುಮಠಗಳಿಂದ ಬಂದದ್ದು. ಗ್ರೀಕ್ ಯುರೋಪಿನ ಹೆಚ್ಚಿನ ಭಾಷೆಗಳ ಕುಟುಂಬಕ್ಕೇ ಸೇರಿದ್ದು. ಅದರ ಲಿಪಿ ಅವರ ಲಿಪಿಯ ಅಜ್ಜಿ, ಅದರ ಪದಗಳು ಅವರ ವಿಜ್ಞಾನದ ಪದಗಳು. ನಮಗೆ ಆ ಅನುಕೂಲವಿಲ್ಲ. ಕನ್ನಡ ದ್ರಾವಿಡ ಭಾಷೆ, ಹೀಬ್ರೂ ಸೆಮಿಟಿಕ್ ಭಾಷೆ, ಎರಡಕ್ಕೂ ರಕ್ತಸಂಬಂಧವಿಲ್ಲ. ಹಾಗಿದ್ದರೂ ಕನ್ನಡ ಬಲ್ಲವನು ಇಂಗ್ಲಿಷ್ ವ್ಯಾಕರಣ ಪುಸ್ತಕದ ಸುತ್ತುದಾರಿಯನ್ನು ಬಿಟ್ಟು ನೇರವಾಗಿ ಹೀಬ್ರೂವಿನತ್ತ ನಡೆದರೆ, ದಾರಿಯಲ್ಲಿ ಪರಿಚಿತ ಮುಖಗಳು ಎದುರಾಗುತ್ತವೆ.

ಮೊದಲನೆಯದು ಬರವಣಿಗೆ. ಹೀಬ್ರೂವಿನ 22 ಅಕ್ಷರಗಳೆಲ್ಲವೂ ವ್ಯಂಜನಗಳು. ಬಲದಿಂದ ಎಡಕ್ಕೆ ಬರೆಯುವ ಈ ಪಠ್ಯಕ್ಕೆ ಸ್ವರಗಳನ್ನು ಸೂಚಿಸುವ ಚುಕ್ಕಿ ಗೆರೆಗಳನ್ನು ಸೇರಿಸಿದವರು ಕ್ರಿ. ಶ. ಮೊದಲ ಸಹಸ್ರಮಾನದ ಉತ್ತರಾರ್ಧದಲ್ಲಿ ದುಡಿದ ಮಸೋರೆತರೆಂಬ ಯೆಹೂದ್ಯ ವಿದ್ವಾಂಸರು. ಇವರಲ್ಲಿ ಗಲಿಲೇಯದ ತಿಬೇರಿಯದವರ ಪದ್ಧತಿಯೇ ಇಂದು ನಾವು ಬಳಸುವುದು. ವ್ಯಂಜನದ ಕೆಳಗೋ ಮೇಲೋ ಒಂದು ಗುರುತು ಕೂಡಿ ಉಚ್ಚಾರ ಹುಟ್ಟುವ ಈ ಏರ್ಪಾಡು ರೋಮನ್ ಲಿಪಿಯಲ್ಲಿ ಬೆಳೆದವರಿಗೆ ವಿಚಿತ್ರ; ಕಾಗುಣಿತ ಬಾಯಿಪಾಠ ಮಾಡಿದ ನಮಗೆ ಅದು ಒಂದನೆಯ ತರಗತಿಯ ನೆನಪು. ವ್ಯಂಜನದೊಳಗಿನ ಚುಕ್ಕಿ ಆ ವ್ಯಂಜನವನ್ನು ಇಮ್ಮಡಿಸುತ್ತದೆ ಎಂದಾಗಲೂ ಒತ್ತಕ್ಷರ ಬಲ್ಲವನಿಗೆ ಹೆಚ್ಚಿನ ವಿವರಣೆ ಬೇಕಿಲ್ಲ. ಕನ್ನಡದ ಹಳೆಯ ಬೈಬಲ್ಲಿನಲ್ಲಿ ಕಾಣುವ ‘ಯೆಹೋವ’ ಎಂಬ ರೂಪ ಹೇಗೆ ಹುಟ್ಟಿತೆಂಬುದೂ ಇಲ್ಲಿಯೇ ತಿಳಿಯುತ್ತದೆ. ದೇವರ ನಾಮದ ನಾಲ್ಕು ವ್ಯಂಜನಗಳನ್ನು ಉಚ್ಚರಿಸದೆ ಅದರ ಬದಲು ‘ಒಡೆಯ’ ಎಂಬರ್ಥದ ‘ಅದೋನಾಯ್’ ಎಂದು ಓದಬೇಕೆಂಬ ಸೂಚನೆಗಾಗಿ, ಆ ಪದದ ಸ್ವರಚಿಹ್ನೆಗಳನ್ನು ನಾಲ್ಕು ವ್ಯಂಜನಗಳಿಗೆ ತೊಡಿಸಲಾಗಿತ್ತು. ಸೂಚನೆಯನ್ನರಿಯದ ಓದುಗರು ಎರಡನ್ನೂ ಕೂಡಿಸಿ ಓದಿದರು. ನಮ್ಮ ಕಥೋಲಿಕ ಅನುವಾದ ‘ಸರ್ವೇಶ್ವರ’ ಎಂದು ಬಳಸುವುದರ ಹಿಂದೆಯೂ, ಆರಾಧನೆಯಲ್ಲಿ ಆ ನಾಮವನ್ನು ಉಚ್ಚರಿಸಬಾರದೆಂದು 2008ರಲ್ಲಿ ವ್ಯಾಟಿಕನ್ ನೀಡಿದ ನಿರ್ದೇಶನದ ಹಿಂದೆಯೂ ಇರುವುದು ಇದೇ ಭಕ್ತಿಯ ಮೌನ.

ವಾಕ್ಯರಚನೆಗೆ ಬಂದರೆ ಸಾಮ್ಯ ಇನ್ನೂ ಸ್ವಾರಸ್ಯಕರ. ‘ನನಗೆ ಇಬ್ಬರು ತಂಗಿಯರಿದ್ದಾರೆ’ ಎನ್ನುತ್ತೇವೆಯೇ ಹೊರತು ಇಂಗ್ಲಿಷಿನವರಂತೆ ತಂಗಿಯರನ್ನು ‘ಹೊಂದಿರುವುದಿಲ್ಲ’. ಹೀಬ್ರೂವೂ ಹಾಗೆಯೇ: ‘ಯೇಷ್ ಲೀ’, ಅಂದರೆ ‘ಇದೆ ನನಗೆ’. ‘ಅವನು ವೈದ್ಯ’ ಎಂಬಲ್ಲಿ ನಮಗೆ ಕ್ರಿಯಾಪದ ಬೇಡ; ಹೀಬ್ರೂವಿಗೂ ಬೇಡ. ‘ಎದ್ದು ಹೋದನು’ ಎಂಬ ಮಾತು ಇಂಗ್ಲಿಷಿನಲ್ಲಿ ಹಳೆಯ ಬೈಬಲ್ಲಿನ ವಾಸನೆ ಬೀರುತ್ತದೆ, ಕನ್ನಡದಲ್ಲಿ ದಿನನಿತ್ಯದ ಮಾತು. ಎಲ್ಲಕ್ಕಿಂತ ನಮ್ಮ ವಿದ್ಯಾರ್ಥಿಗಳ ಮುಖ ಅರಳಿಸುವುದು ಒಂದೇ ಧಾತುವನ್ನು ಎರಡು ಸಲ ಹೇಳಿ ನಿಶ್ಚಯವನ್ನು ಸೂಚಿಸುವ ಪ್ರಯೋಗ. ಏದೆನ್ ತೋಟದ ಎಚ್ಚರಿಕೆಯಲ್ಲಿ ಬರುವ ‘ಮೋತ್ ತಾಮೂತ್’ ಎಂಬುದನ್ನು ವಿವರಿಸಲು ಇಂಗ್ಲಿಷ್ ವ್ಯಾಕರಣಕಾರರು ಪುಟಗಟ್ಟಲೆ ಬರೆಯುತ್ತಾರೆ. ನಾವು ‘ಬಂದೇ ಬರುತ್ತಾನೆ’, ‘ಮಾಡಿಯೇ ಮಾಡುತ್ತೇನೆ’ ಎಂದು ಎರಡು ಉದಾಹರಣೆ ಕೊಟ್ಟು ಮುಂದಕ್ಕೆ ಹೋಗಬಹುದು.

ಧಾತುವಿನ ಕಲ್ಪನೆಯೂ ನಮಗೆ ಹೊಸದಲ್ಲ. ಸಂಸ್ಕೃತದ ‘ಕೃ’ ಧಾತುವಿನಿಂದ ಕರ್ತೃ, ಕರ್ಮ, ಕಾರ್ಯ, ಕ್ರಿಯೆ ಹುಟ್ಟುವುದನ್ನು ಶಾಲೆಯಲ್ಲಿಯೇ ಕೇಳಿರುತ್ತೇವೆ. ಹೀಬ್ರೂವಿನಲ್ಲಿ ಬಹುಮಟ್ಟಿಗೆ ಮೂರು ವ್ಯಂಜನಗಳ ಧಾತುವೊಂದು ಒಳಗಿನ ಸ್ವರಗಳನ್ನು ಬದಲಿಸಿಕೊಳ್ಳುತ್ತಾ ಮನೆತನವನ್ನೇ ಕಟ್ಟುತ್ತದೆ: ‘ಮೆಲೆಖ್’ ಅರಸ, ‘ಮಾಲಖ್’ ಆಳಿದನು, ‘ಮಲ್ಕಾ’ ರಾಣಿ, ‘ಮಲ್ಖೂತ್’ ಅರಸುತನ. ಹಳೆಯ ಒಡಂಬಡಿಕೆಯ ಒಟ್ಟು ಪದಸಂಪತ್ತು ಸುಮಾರು 8000. ಅವುಗಳಲ್ಲಿ 50 ಸಲಕ್ಕಿಂತ ಹೆಚ್ಚು ಬರುವವು 700ಕ್ಕಿಂತ ಕಡಿಮೆ. ಒಂದು ವರ್ಷದ ಶ್ರದ್ಧೆಗೆ ಇದು ಮೀರಿದ್ದಲ್ಲ.

ಎಲ್ಲವೂ ಸುಗಮವೆಂದು ಹೇಳಿದರೆ ಸುಳ್ಳಾದೀತು. ಕ್ರಿಯಾಪದ ಮೊದಲು ಬರುವ ವಾಕ್ಯಕ್ಕೆ ಒಗ್ಗಲು ನಮಗೆ ಸಮಯ ಬೇಕು. ವಿಭಕ್ತಿ ಪ್ರತ್ಯಯ ಹಿಂದೆ ಬರುವ ಅಭ್ಯಾಸವಿರುವವರಿಗೆ ‘ಒಳಗೆ’, ‘ಗೆ’, ‘ಇಂದ’ ಎಂಬವು ಪದದ ಮುಂದೆ ಅಂಟಿಕೊಳ್ಳುವುದು ತೊಡಕು. ಗಂಟಲಿನಾಳದ ವ್ಯಂಜನಗಳು ಸ್ವರಗಳನ್ನು ಕೆಡಿಸುವ ರೀತಿ, ಧಾತುವಿನ ಒಂದು ವ್ಯಂಜನವೇ ಮಾಯವಾಗುವ ದುರ್ಬಲ ಕ್ರಿಯಾಪದಗಳು, ಇವುಗಳಿಂದ ವರ್ಷದ ಮಧ್ಯದಲ್ಲಿ ಒಂದು ಬೇಸರದ ಕಾಲ ಬರುತ್ತದೆ. ಗ್ರೀಕಿನಲ್ಲಿ ಅದು ಇನ್ನೂ ಬೇಗ ಬರುತ್ತದೆ ಎಂಬುದಷ್ಟೇ ನಮ್ಮ ಸಮಾಧಾನ.

ಅನುವಾದದಲ್ಲಿ ಕೇಳಿಸದ್ದು

ಅನುವಾದಗಳೇ ಇರುವಾಗ ಮೂಲಭಾಷೆ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. 1831ರಲ್ಲಿ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ ಸಂಪೂರ್ಣ ಬೈಬಲ್ ಕನ್ನಡದಲ್ಲಿ ಅಚ್ಚಾದಂದಿನಿಂದ ಅನುವಾದಕರು ನಮಗಾಗಿ ಬಹಳ ಶ್ರಮಪಟ್ಟಿದ್ದಾರೆ. ಆದರೆ ಕೆಲವು ಸಂಗತಿಗಳನ್ನು ಯಾವ ಅನುವಾದಕನೂ ದಾಟಿಸಲಾರ. ಪ್ರವಾದಿ ಯೆರೆಮೀಯನಿಗೆ ಬಾದಾಮಿ ಮರದ ಕೊಂಬೆ ಕಾಣಿಸುತ್ತದೆ; ಕೂಡಲೇ ದೇವರು ತಾನು ತನ್ನ ಮಾತಿನ ಮೇಲೆ ಎಚ್ಚರವಾಗಿದ್ದೇನೆ ಎನ್ನುತ್ತಾರೆ. ಬಾದಾಮಿಗೂ ಎಚ್ಚರಕ್ಕೂ ಏನು ಸಂಬಂಧವೆಂದು ಕನ್ನಡದ ಓದುಗ ಬೆರಗಾಗುತ್ತಾನೆ. ಹೀಬ್ರೂವಿನಲ್ಲಿ ಬಾದಾಮಿ ‘ಶಾಕೇದ್’, ಎಚ್ಚರವಾಗಿರುವವನು ‘ಶೋಕೇದ್’. ಆಮೋಸನ ಬುಟ್ಟಿಯಲ್ಲಿರುವ ಬೇಸಿಗೆಯ ಹಣ್ಣು ‘ಕಾಯಿತ್ಸ್’, ಇಸ್ರಯೇಲಿಗೆ ಬಂದೊದಗುವ ಅಂತ್ಯ ‘ಕೇತ್ಸ್’. ಯೆಶಾಯನ ದ್ರಾಕ್ಷಾತೋಟದ ಗೀತೆಯ ಮುಕ್ತಾಯದಲ್ಲಿ ದೇವರು ‘ಮಿಷ್ಪಾಟ್’ ಎಂಬ ನ್ಯಾಯವನ್ನು ಬಯಸಿದರೆ ಸಿಕ್ಕಿದ್ದು ‘ಮಿಸ್ಪಾಹ್’ ಎಂಬ ರಕ್ತಪಾತ. ‘ತ್ಸೆದಾಕಾ’ ಎಂಬ ನೀತಿಯನ್ನು ಬಯಸಿದರೆ ಕೇಳಿಸಿದ್ದು ‘ತ್ಸೆಆಕಾ’ ಎಂಬ ಗೋಳು. ತರಗತಿಯಲ್ಲಿ ವಿದ್ಯಾರ್ಥಿಯೊಬ್ಬರು ಎರಡನೆಯ ಜೋಡಿಯನ್ನು ‘ನೀತಿ, ಭೀತಿ’ ಎಂದು ಹೊಂದಿಸಿದ್ದರು. ಅರ್ಥ ಪೂರ್ತಿ ಕೂಡದಿದ್ದರೂ ಪ್ರವಾದಿಯ ಪೆಟ್ಟು ಕಿವಿಗೆ ಬಿದ್ದಿತು.

ಇದಕ್ಕಿಂತ ಗಂಭೀರವಾದದ್ದು ನಾವು ಎರವಲು ಪಡೆದ ಪದಗಳ ಸಮಸ್ಯೆ. ಕನ್ನಡ ಕ್ರೈಸ್ತರ ಧಾರ್ಮಿಕ ಪದಗಳು ಬಹುತೇಕ ಸಂಸ್ಕೃತದಿಂದ ಬಂದವು, ಮತ್ತು ಪ್ರತಿಯೊಂದೂ ತನ್ನ ಹಿಂದಿನ ಮನೆಯ ನೆನಪನ್ನು ಹೊತ್ತು ತಂದಿದೆ. ಆದುದರಿಂದ ಗುರುಮಠದಲ್ಲಿ ಸಂಸ್ಕೃತದ ಪರಿಚಯವೂ ಅಗತ್ಯವೆಂದು ನಾವು ಒಪ್ಪುತ್ತೇವೆ. ಆದರೆ ಆ ಪರಿಚಯ ಸಮಸ್ಯೆಯನ್ನು ತೋರಿಸುತ್ತದೆಯೇ ಹೊರತು ಬಿಡಿಸುವುದಿಲ್ಲ. ‘ನೆಫೆಷ್’ ಎಂಬ ಹೀಬ್ರೂ ಪದಕ್ಕೆ ‘ಆತ್ಮ’ ಎಂದೊಡನೆ, ದೇಹವೆಂಬ ವಸ್ತ್ರವನ್ನು ಕಳಚಿ ಹೋಗುವ ಅವಿನಾಶಿ ತತ್ತ್ವವೊಂದು ಕೇಳುಗನ ಮನಸ್ಸಿನಲ್ಲಿ ಮೂಡುತ್ತದೆ. ಹೀಬ್ರೂವಿನಲ್ಲಿ ‘ನೆಫೆಷ್’ ಎಂದರೆ ಗಂಟಲು, ಉಸಿರು, ಬದುಕಿರುವ ಇಡೀ ವ್ಯಕ್ತಿ. ಅದಕ್ಕೆ ಹಸಿವೆಯಿದೆ, ಬಾಯಾರಿಕೆಯಿದೆ. 69ನೆಯ ಕೀರ್ತನೆಯಲ್ಲಿ ನೀರು ‘ನೆಫೆಷ್‌’ವರೆಗೆ ಏರಿ ಬಂದಿದೆ, ಅಂದರೆ ಕುತ್ತಿಗೆಯವರೆಗೆ. ‘ಪ್ರಾಣ ಕುತ್ತಿಗೆಗೆ ಬಂದಿದೆ’, ‘ಜೀವ ಬಾಯಿಗೆ ಬಂತು’ ಎನ್ನುವ ನಮ್ಮ ಹಳ್ಳಿಯ ತಾಯಂದಿರಿಗೆ ಈ ಕೀರ್ತನೆ ದೈವಶಾಸ್ತ್ರದ ಪದವೀಧರರಿಗಿಂತ ಬೇಗ ಅರ್ಥವಾದೀತು. ಹೀಬ್ರೂ ಕಲಿತ ಗುರುವಿಗೆ ತನ್ನ ಜನರ ಕನ್ನಡವೂ ಹೊಸದಾಗಿ ಕೇಳಿಸುತ್ತದೆ.

‘ರಹಮೀಮ್’ ಇನ್ನೊಂದು ಉದಾಹರಣೆ. ದಯೆ, ಕರುಣೆ ಎಂದು ಇದನ್ನು ಅನುವಾದಿಸುತ್ತೇವೆ. ಗರ್ಭಕ್ಕೆ ಹೀಬ್ರೂವಿನಲ್ಲಿ ‘ರೆಹೆಮ್’ ಎನ್ನುತ್ತಾರೆ. ಈ ಎರಡು ಪದಗಳ ನಂಟನ್ನು ಹಿಡಿದು ದೇವರ ತಾಯ್ತನವನ್ನು ಕುರಿತು ಸೊಗಸಾದ ಪ್ರಬೋಧನೆಗಳನ್ನು ಮಾಡಲಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 1961ರಲ್ಲಿ ಜೇಮ್ಸ್ ಬಾರ್ ಎಂಬ ವಿದ್ವಾಂಸರು ಬೈಬಲ್ ಭಾಷೆಯ ಅರ್ಥವಿಚಾರವನ್ನು ಕುರಿತ ತಮ್ಮ ಗ್ರಂಥದಲ್ಲಿ, ಧಾತುವಿನಿಂದ ದೈವಶಾಸ್ತ್ರವನ್ನು ಹಿಂಡಿ ತೆಗೆಯುವ ಚಟವನ್ನು ಕಟುವಾಗಿ ಟೀಕಿಸಿದರು. ಪದದ ಅರ್ಥವನ್ನು ನಿರ್ಧರಿಸುವುದು ಅದರ ಹುಟ್ಟಲ್ಲ, ಬಳಕೆ. ಬಳಕೆಯನ್ನೇ ನೋಡೋಣ. ಸೊಲೊಮೋನನ ನ್ಯಾಯಪೀಠದ ಮುಂದೆ ಮಗುವಿನ ನಿಜವಾದ ತಾಯಿಯ ‘ರಹಮೀಮ್’ ಹೊತ್ತಿ ಉರಿಯುತ್ತದೆ. ಈಜಿಪ್ಟಿನಲ್ಲಿ ತಮ್ಮ ಬೆನ್ಯಮೀನನನ್ನು ಕಂಡ ಯೋಸೇಫನ ‘ರಹಮೀಮ್’ ಕೂಡ ಹಾಗೆಯೇ ಉರಿಯುತ್ತದೆ, ಅವನು ಒಳಕೋಣೆಗೆ ಹೋಗಿ ಅಳುತ್ತಾನೆ. ಹೆಣ್ಣಿಗೂ ಗಂಡಿಗೂ ಸಲ್ಲುವ, ಒಡಲೊಳಗೆ ಉಂಟಾಗುವ ಈ ಸಂಕಟಕ್ಕೆ ಕನ್ನಡದಲ್ಲಿ ‘ಕರುಳು’ ಎಂಬ ಪದವಿದೆ: ಕರುಳು ಚುರುಕ್ಕೆಂದಿತು, ಕರುಳು ಕಿತ್ತು ಬಂತು. ಧಾತುವಿನ ಬಲದಿಂದಲ್ಲ, ಈ ಎರಡು ಕಥೆಗಳ ಬಲದಿಂದ, ದೇವರ ‘ರಹಮೀಮ್’ ಅನ್ನು ಕರುಳಿನ ಭಾಷೆಯಲ್ಲಿ ಸಾರಬಹುದು. ಅರೆಬರೆ ಹೀಬ್ರೂ ಬಲ್ಲ ಪ್ರಬೋಧಕ ಏನೂ ಬಲ್ಲದವನಿಗಿಂತ ಅಪಾಯಕಾರಿ ಎಂಬ ಆಕ್ಷೇಪಣೆಗೆ ಉತ್ತರವೂ ಇದೇ: ನಿಘಂಟಿನಿಂದ ಪದ ಆರಿಸುವುದನ್ನಲ್ಲ, ವಾಕ್ಯ ಓದುವುದನ್ನು ಕಲಿಸಬೇಕು.

ಇನ್ನೊಂದು ತೊಡಕು ಕನ್ನಡದ ಮರ್ಯಾದೆಯಿಂದಲೇ ಉಂಟಾಗುವಂಥದ್ದು. ನಾತಾನನು ದಾವೀದನ ಮುಂದೆ ನಿಂತು ಬಡವನ ಕುರಿಮರಿಯ ಕಥೆ ಹೇಳಿ, ಕೊನೆಗೆ ಎರಡೇ ಪದಗಳಲ್ಲಿ ಅರಸನನ್ನು ಸಿಕ್ಕಿಸುತ್ತಾನೆ: ‘ಅತ್ತಾ’, ಅಂದರೆ ನೀನು, ‘ಹಾ-ಈಷ್’, ಅಂದರೆ ಆ ಮನುಷ್ಯ. ಕ್ರಿಯಾಪದವಿಲ್ಲ, ಬಹುವಚನದ ಗೌರವವಿಲ್ಲ. ಹೀಬ್ರೂವಿನಲ್ಲಿ ಅರಸನಿಗೂ ‘ನೀನು’, ಆಳಿಗೂ ‘ನೀನು’. ವಿನಯ ತೋರಿಸಬೇಕಾದರೆ ‘ನನ್ನ ಒಡೆಯ’, ‘ನಿನ್ನ ದಾಸ’ ಎಂದು ಬೇರೆ ಬಗೆಯಲ್ಲಿ ತೋರಿಸುತ್ತಾರೆ. ಅರಸನಿಗೆ ‘ತಾವು’ ಎನ್ನುವ ನಾವು ಇಲ್ಲಿ ಯಾವುದನ್ನು ಆರಿಸಬೇಕು? ಮೂಲವನ್ನು ಓದಿದವನಿಗೆ ಕನಿಷ್ಠ ಪ್ರಶ್ನೆಯಾದರೂ ತಿಳಿದಿರುತ್ತದೆ.

ಗ್ರೀಕಿನ ವಾದ

ಗ್ರೀಕನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಹೊಸ ಒಡಂಬಡಿಕೆಯ 27 ಪುಸ್ತಕಗಳೂ ಗ್ರೀಕಿನಲ್ಲಿವೆ. ಕಥೋಲಿಕ ಬೈಬಲ್ಲಿನ ಸೊಲೊಮೋನನ ಜ್ಞಾನಗ್ರಂಥ, ಮಕ್ಕಬಿಯರ ಎರಡನೆಯ ಗ್ರಂಥ ಇವು ಗ್ರೀಕಿನಲ್ಲಿಯೇ ರಚಿತವಾದವು. ಆದಿ ಧರ್ಮಸಭೆ ಓದಿದ್ದು ಸೆಪ್ಟುವಜಿಂಟ್ ಎಂಬ ಗ್ರೀಕ್ ಅನುವಾದವನ್ನು. ಯೆಶಾಯನ ಏಳನೆಯ ಅಧ್ಯಾಯದ ‘ಅಲ್ಮಾ’ ಎಂಬ ಪದಕ್ಕೆ ಹರೆಯದ ಹೆಣ್ಣು ಎಂದರ್ಥ. ಗ್ರೀಕ್ ಅನುವಾದಕರು ಕನ್ಯೆ ಎಂಬರ್ಥದ ‘ಪಾರ್ಥೆನೊಸ್’ ಬಳಸಿದರು, ಸಂತ ಮತ್ತಾಯ ಅದನ್ನೇ ಉದ್ಧರಿಸಿದರು. ಎರಡೂ ಭಾಷೆ ಬಲ್ಲವನು ಇದನ್ನು ಕಂಡು ಗಾಬರಿಯಾಗುವುದಿಲ್ಲ, ಮುಚ್ಚಿಡುವುದೂ ಇಲ್ಲ.

ಆದರೆ ಆ ಗ್ರೀಕ್ ಬರೆದವರ ಕಿವಿಯಲ್ಲಿದ್ದದ್ದು ಇಸ್ರಯೇಲಿನ ಗ್ರಂಥ. ಗುರುಗಳು ಪ್ರತಿದಿನ ಬೆಳಗಿನ ಪ್ರಾರ್ಥನೆಯಲ್ಲಿ ಹೇಳುವ ಜಕರೀಯನ ಗೀತೆಯಲ್ಲಿ ದೇವರ ಕರುಣೆಯನ್ನು ಬಣ್ಣಿಸುವಾಗ ಸಂತ ಲೂಕ ಬಳಸುವ ‘ಸ್ಪ್ಲಾಂಖ್ನ’ ಎಂಬ ಗ್ರೀಕ್ ಪದಕ್ಕೆ ಒಡಲೊಳಗಿನ ಅಂಗಗಳು ಎಂದರ್ಥ. ಗ್ರೀಕ್ ನಿಘಂಟನ್ನಷ್ಟೇ ತೆರೆದವನಿಗೆ ಅದು ಒಗಟು. ‘ರಹಮೀಮ್’ ಬಲ್ಲವನಿಗೆ ಹಳೆಯ ಗೆಳೆಯ. ಹಳೆಯ ಒಡಂಬಡಿಕೆ ನಮ್ಮ ಬೈಬಲ್ಲಿನ ಮುಕ್ಕಾಲು ಪಾಲು. 1969ರ ವಾಚನ ಕ್ರಮದ ಪ್ರಕಾರ ಪಾಸ್ಕ ಕಾಲವನ್ನು ಬಿಟ್ಟರೆ ಭಾನುವಾರದ ಮೊದಲ ವಾಚನ ಸಾಮಾನ್ಯವಾಗಿ ಅದರಿಂದಲೇ. ಯಾಮಪ್ರಾರ್ಥನೆಯಲ್ಲಿ ಕೀರ್ತನೆಗಳಿಲ್ಲದ ದಿನವಿಲ್ಲ. ಆದರೂ ಭಾನುವಾರದ ಪ್ರಬೋಧನೆಗಳಲ್ಲಿ ಮೊದಲ ವಾಚನ ಎಷ್ಟು ಸಲ ಸದ್ದಿಲ್ಲದೆ ಬದಿಗೆ ಸರಿಯುತ್ತದೆ ಎಂಬುದನ್ನು ಓದುಗರೇ ಬಲ್ಲರು.

ಇದರ ಪರಿಣಾಮ ಪ್ರಬೋಧನೆ ಬಡವಾಗುವುದಷ್ಟೇ ಅಲ್ಲ. ನಮ್ಮ ಜನರಲ್ಲಿ ಹೆಚ್ಚಿನವರು ಒಬ್ಬ ಯೆಹೂದ್ಯನನ್ನೂ ಕಂಡಿಲ್ಲ. ಪವಿತ್ರ ಶುಕ್ರವಾರದಂದು ಯೊವಾನ್ನರ ಶುಭಸಂದೇಶದಿಂದ ಯಾತನಾಕಥನವನ್ನು ಓದುವಾಗ ‘ಯೆಹೂದ್ಯರು’ ಎಂಬ ಪದ ಮತ್ತೆ ಮತ್ತೆ ಕೇಳಿಸುತ್ತದೆ. ಕೇಳುಗನಿಗೆ ಅವರ ಬಗ್ಗೆ ತಿಳಿದಿರುವುದು ಅಷ್ಟೇ. ಕ್ರಿಸ್ತರ ಮರಣದ ಹೊಣೆಯನ್ನು ಆ ಜನಾಂಗದ ಮೇಲೆ ಹೊರಿಸಬಾರದೆಂದು 1965ರಲ್ಲಿ ಮಹಾಸಭೆ ಸ್ಪಷ್ಟವಾಗಿ ಸಾರಿದೆ. ಆ ಬೋಧನೆಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವುದು ಒಂದು; ತಿಬೇರಿಯದ ವಿದ್ವಾಂಸರು ಇಟ್ಟ ಒಂದೊಂದು ಚುಕ್ಕಿಯನ್ನೂ ಅನುಸರಿಸಿ ಓದುತ್ತಾ, 1008ರಲ್ಲಿ ಕೈರೋದಲ್ಲಿ ಯೆಹೂದ್ಯ ಲಿಪಿಕಾರನೊಬ್ಬ ಪ್ರತಿಮಾಡಿದ ಹಸ್ತಪ್ರತಿಯೇ ಇಂದು ನಮ್ಮ ಮೇಜಿನ ಮೇಲಿರುವ ಮುದ್ರಿತ ಹೀಬ್ರೂ ಬೈಬಲ್ಲಿಗೆ ಆಧಾರವೆಂದು ಅರಿಯುವುದು ಇನ್ನೊಂದು. ಎರಡನೆಯದನ್ನು ಮಾಡಿದ ಗುರು ಪವಿತ್ರ ಶುಕ್ರವಾರದಂದು ಬೇರೆ ದನಿಯಲ್ಲಿ ಮಾತನಾಡುತ್ತಾನೆ. ಈ ಫಲವನ್ನು ಗ್ರೀಕಾಗಲಿ ಲ್ಯಾಟಿನಾಗಲಿ ಕೊಡಲಾರದು.

ತರಗತಿಯ ಏರ್ಪಾಡನ್ನು ಕುರಿತು ಒಂದೆರಡು ಮಾತು. ಲ್ಯಾಟಿನನ್ನು ತತ್ತ್ವಶಾಸ್ತ್ರದ ವರ್ಷಗಳಿಗೆ ಬಿಟ್ಟು, ದೈವಶಾಸ್ತ್ರದ ಮೊದಲ ವರ್ಷದಲ್ಲಿ ವಾರಕ್ಕೆ ಮೂರು ಗಂಟೆ ಹೀಬ್ರೂವಿಗೆ, ಎರಡನೆಯ ವರ್ಷದಲ್ಲಿ ಅಷ್ಟೇ ಗ್ರೀಕಿಗೆ ಕೊಟ್ಟರೆ ಸಾಕು. ಆ ಗಂಟೆಗಳು ಬೆಳಗಿನವಾಗಿರಲಿ. ವಿವರಣೆ ಕನ್ನಡದಲ್ಲಿರಲಿ, ಓದು ಗಟ್ಟಿಯಾಗಿರಲಿ. ಮೊದಲ ಅವಧಿಯಲ್ಲಿ ಅಕ್ಷರ, ಸ್ವರಚಿಹ್ನೆ, ಸರಳ ಕ್ರಿಯಾಪದ ಮುಗಿಸಿ, ಎರಡನೆಯ ಅವಧಿಯಲ್ಲಿ ಯೋನನ ಪುಸ್ತಕವನ್ನು ಕೈಗೆ ಕೊಡಬಹುದು. ನಾಲ್ಕೇ ಅಧ್ಯಾಯ, 48 ವಚನ. ತರಗತಿಗೆ ಎರಡರಂತೆ 24 ತರಗತಿಗಳು. ಅದರಲ್ಲಿ ‘ರಾಆ’ ಎಂಬ ಪದವೊಂದು ಕಥೆಯುದ್ದಕ್ಕೂ ಓಡಾಡುತ್ತದೆ: ನಿನೆವೆಯ ಜನರ ದುಷ್ಟತನ ‘ರಾಆ’, ಹಡಗಿಗೆ ಒದಗಿದ ವಿಪತ್ತು ‘ರಾಆ’, ದೇವರು ಬರಮಾಡುವೆನೆಂದು ಹೇಳಿ ತಡೆದದ್ದೂ ‘ರಾಆ’, ಕೊನೆಗೆ ಯೋನನ ಹೊಟ್ಟೆಕಿಚ್ಚಿನ ಕಹಿಯೂ ‘ರಾಆ’. ಇಂಗ್ಲಿಷ್ ಅನುವಾದಗಳು ಒಂದೊಂದು ಕಡೆ ಒಂದೊಂದು ಪದ ಹಾಕುತ್ತವೆ. ಕನ್ನಡದ ‘ಕೇಡು’ ಮಾಡುವ ಕೇಡಿಗೂ ಬರುವ ಕೇಡಿಗೂ ಸಲ್ಲುತ್ತದೆ. ಅದು ನಾಲ್ಕೂ ಕಡೆ ನಿಲ್ಲಬಲ್ಲದೇ ಎಂದು ವಿದ್ಯಾರ್ಥಿಗಳೇ ಅನುವಾದಿಸಿ ನೋಡಲಿ.